ಸೇದದವರ ಬಿಡುವು

ಅಪ್ಪ,

ನಮ್ಮ ಬಟ್ಟೆ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಸಿಗರೇಟು ಸೇದುವವರಿಗೆ ಮಾತ್ರ ಬಿಡುವು ಕೊಡುತ್ತಾರೆ. ಇದು ಅನ್ಯಾಯ. ನೀನು ತೀರಿಕೊಂಡ ಮೇಲೆ ನಿನ್ನ ಕೆಲಸಕ್ಕೇ ಸೇರಿದ್ದರಿಂದ ನನಗಿದು ತಿಳಿಯಿತು. ನಿನಗೆ ನಾನು ಓದಿ ಹೇಳುತ್ತಿದ್ದ, ಸಿಗರೇಟು ಬಿಡಿ ಎನ್ನುವ ಕರಪತ್ರಗಳಲ್ಲಿ ಶ್ವಾಸಕೋಶದ ಚಿತ್ರವಿತ್ತು, ಈ ಬಿಡುವಿನ ಮಾತಿರಲಿಲ್ಲ.

ಇವತ್ತಿನ ಸುದ್ದಿ ಕೇಳು. ನಿನ್ನ ಗೆಳೆಯ ಮೀಸೆ ಮಾವ ಸಿಗರೇಟು ಬಿಟ್ಟಿದ್ದಾರೆ. ಸುಮ್ಮಸುಮ್ಮನೆ ರೇಗುತ್ತಾರೆ, ಆದರೂ ಮುಟ್ಟಿಲ್ಲ. ಮಧ್ಯಾಹ್ನ ಸೇದುವವರೆಲ್ಲ ಎದ್ದಾಗ ಅವರೂ ಹಿಂಬಾಗಿಲಿಗೆ ಹೋದರು. ಮೇಸ್ತ್ರಿ ತಡೆದ.

"ಬಿಟ್ಟೆ ಅಂತ ಡಂಗುರ ಹೊಡೀತಿದ್ಯಲ್ಲ, ನಿನಗ್ಯಾಕಯ್ಯ ಬಿಡುವು?"

"ಸಿಗರೇಟು ಬಿಟ್ಟಿದ್ದೀನಿ ಸ್ವಾಮಿ, ಉಸಿರಾಡೋದನ್ನಲ್ಲ."

"ಹಾಗಾದ್ರೆ ಒಂದು ಹಚ್ಚು, ಇಲ್ಲಾ ಒಳಗೆ ನಡಿ." ಮೇಸ್ತ್ರಿ ತನ್ನ ಪ್ಯಾಕನ್ನೇ ಮುಂದೆ ಹಿಡಿದ.

ಮಾವನ ಕಣ್ಣು ಅದರ ಮೇಲೆಯೇ ನೆಟ್ಟಿತ್ತು. ಆದರೆ ಕೈಕಟ್ಟಿಕೊಂಡು, ಗೋಡೆಗೊರಗಿ, ಗಂಟೆ ಹೊಡೆಯುವವರೆಗೂ ನಿಂತರು. ಅಂಥ ಧೈರ್ಯವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಒಳಗೆ ಬಂದವರು ನನಗೆ ಮೆಲ್ಲಗೆ ಹೇಳಿದರು: "ನಿಮ್ಮಪ್ಪ ಮೊದಲನೇ ಸಿಗರೇಟು ಹಚ್ಚಿದ್ದು ಬೆನ್ನು ನೆಟ್ಟಗೆ ಮಾಡ್ಕೊಳ್ಳೋಕೆ ಕಣಮ್ಮ."

ನಾಳಿದ್ದು ನಾವು ಹೆಂಗಸರೆಲ್ಲ ಇಸ್ತ್ರಿ ಕೆಳಗಿಟ್ಟು ಮಾವನ ಪಕ್ಕ ನಿಲ್ಲುತ್ತೇವೆ. ಕೆಲಸ ಹೋದರೆ ಹೋಗಲಿ. ನೀನೂ ಬಾ ಅಪ್ಪ. ಸೋಮವಾರ, ಮಧ್ಯಾಹ್ನ ಮೂರು ಗಂಟೆಗೆ, ಹಿಂಬಾಗಿಲ ಹತ್ತಿರ.