ನಾಲ್ಕು ಗಂಟೆಯ ಕುಟ್ಟಾಣಿ

ಬೆಳ್ಳಾರೆ

ಮೈಮೂನಮ್ಮನವರಿಗೆ,

ಫೋನಿನ ಧರ್ಮಪಾಲನ ನಮಸ್ಕಾರಗಳು.

ಮೊದಲು ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ. ಬೇರೆ ರೀತಿಯಲ್ಲಿ ಆರಂಭಿಸುವುದು ನನಗೆ ತಿಳಿಯದು.

೧. ಕೊರೊನಾದ ಎರಡನೆಯ ಅಲೆಯಲ್ಲಿ ನೀವು ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಿರಿ.

೨. ಅಂದಿನಿಂದ ನಿಮ್ಮ ಮನೆಗೆ ಬೀಗ ಹಾಕಿದೆ. ಕೀಲಿಕೈ ಕಡಬದಲ್ಲಿರುವ ನಿಮ್ಮ ಮಗಳು ಮುಹ್ಸಿನಾ ಅವರ ಬಳಿ ಇದೆ.

೩. ನಿಮ್ಮ ಮನೆಗೆ ಬರುವ ದೂರವಾಣಿ ತಂತಿ ಹಲಸಿನ ಕೊಂಬೆ ಬಿದ್ದು ತುಂಡಾಗಿದೆ. ಅದನ್ನು ಯಾರೂ ಜೋಡಿಸಿಲ್ಲ. ಜೋಡಿಸಬೇಕಾದವನು ನಾನೇ.

೪. ನಿನ್ನೆ ಸಂಜೆ ನಾಲ್ಕು ಗಂಟೆಗೆ ಫೋನಿನಲ್ಲಿ ನಿಮ್ಮ ಕುಟ್ಟಾಣಿಯ ಸದ್ದು ಕೇಳಿಸಿತು.

ನಾಲ್ಕನೆಯದನ್ನು ಮೊದಲ ಮೂರರೊಂದಿಗೆ ಹೊಂದಿಸಲು ನಿನ್ನೆಯಿಂದ ಪ್ರಯತ್ನಿಸುತ್ತಿದ್ದೇನೆ. ಅದಕ್ಕಾಗಿಯೇ ಈ ಪತ್ರ.

ನಿಮಗೆ ನೆನಪಿರಬಹುದು. ಲಾಕ್‌ಡೌನ್ ಘೋಷಣೆಯಾದಾಗ ಪೇಟೆಯ ಹಿರಿಯರ ಹಗಲುಮನೆಯನ್ನು ಮುಚ್ಚಬೇಕಾಯಿತು. ನೀವೆಲ್ಲ ಬೆಳಗ್ಗೆ ಬಸ್ಸಿನಲ್ಲಿಯೋ ಜೀಪಿನಲ್ಲಿಯೋ ಬಂದು, ಬಿ.ಪಿ. ನೋಡಿಸಿಕೊಂಡು, ಗಂಜಿ ಉಂಡು, ಸಂಜೆಯವರೆಗೆ ಒಬ್ಬರನ್ನೊಬ್ಬರು ಕೆಣಕುತ್ತ ಕುಳಿತಿರುತ್ತಿದ್ದ ಜಾಗ ಅದು. ಅದನ್ನು ನಡೆಸುತ್ತಿದ್ದ ಕೌಸಲ್ಯಾ ಒಂದು ದಿನ ನಮ್ಮ ದೂರವಾಣಿ ಕೇಂದ್ರದ ಕಿಟಕಿಯ ಹೊರಗೆ, ಮಾಸ್ಕ್ ಹಾಕಿಕೊಂಡು ನಿಂತಿದ್ದರು.

“ಧರ್ಮಪಾಲಣ್ಣ, ಮಾತ್ರೆ ಹೇಗಾದರೂ ಮನೆಗೆ ಮುಟ್ಟಿಸಬಹುದು. ಆದರೆ ಯಾರಿಗೆ ಜ್ವರ, ಯಾರು ಉಣ್ಣಲಿಲ್ಲ ಅಂತ ಗೊತ್ತಾಗುದು ಹೇಗೆ? ಒಬ್ಬೊಬ್ಬರಿಗೆ ಫೋನ್ ಮಾಡಿದರೆ ಎಲ್ಲರೂ ಸೌಖ್ಯ ಉಂಟು ಅಂತಲೇ ಹೇಳುದು. ಒಟ್ಟಿಗೆ ಕೂತರೆ ಮಾತ್ರ ಒಬ್ಬರ ಗುಟ್ಟನ್ನು ಇನ್ನೊಬ್ಬರು ಬಿಟ್ಟುಕೊಡ್ತಾರೆ.”

ಅದು ನನಗೆ ಸರಿಯೆನಿಸಿತು. ನಿಮ್ಮ ಗುಡ್ಡಗಳಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಆದರೆ ಹಳೆಯ ಲ್ಯಾಂಡ್‌ಲೈನ್‌ಗಳು ಉಳಿದಿದ್ದವು. ಆ ಲೈನುಗಳನ್ನೆಲ್ಲ ಸಂಜೆ ನಾಲ್ಕಕ್ಕೆ ಒಂದೇ ಮಾತಿಗೆ ಸೇರಿಸುವ ಏರ್ಪಾಡು ಮಾಡಿದೆ. ಯಾರು ಮಾತನಾಡಿದರೂ ಎಲ್ಲರಿಗೂ ಕೇಳಬೇಕು. ನಿವೃತ್ತ ಬಸ್ ಕಂಡಕ್ಟರ್ ಬೋಜಪ್ಪನವರು ಮೊದಲ ದಿನವೇ ಬಸ್ಸು ಹೊರಡಿಸುವಂತೆ “ರೈಟ್, ಪೋಯಿ” ಎಂದು ಕೂಗಿದರು. ಅಂದಿನಿಂದ ಅದೇ ಆರಂಭದ ಗಂಟೆಯಾಯಿತು.

ಕೌಸಲ್ಯಾ ಎಣಿಸಿದಂತೆಯೇ ನಡೆಯಿತು. ಬೋಜಪ್ಪನವರು ಸೌಖ್ಯ ಎನ್ನುವಷ್ಟರಲ್ಲಿ ದುಗ್ಗಮ್ಮನವರ ಸ್ವರ ಅಡ್ಡ ಬರುತ್ತಿತ್ತು. “ಸುಳ್ಳು ಕೌಸಲ್ಯಾ. ನಿನ್ನೆಯಿಂದ ಕೆಮ್ಮು ಉಂಟು ಇವರಿಗೆ. ಬೈರಾಸು ಬಾಯಿಗೆ ಒತ್ತಿ ಕೆಮ್ಮಿದರೆ ನಮಗೆ ಕೇಳುದಿಲ್ಲ ಅಂತ ಗ್ರಹಿಸಿದ್ದಾರೆ.” ಬೋಜಪ್ಪನವರ ಪರೀಕ್ಷೆ ಹಾಗೆ ಸಕಾಲಕ್ಕೆ ಆಯಿತು. ಅವರು ಉಳಿದರು.

ನಿಮ್ಮ ಸ್ವರಕ್ಕಿಂತ ಮೊದಲು ನಿಮ್ಮ ಕುಟ್ಟಾಣಿಯ ಸದ್ದು ಬರುತ್ತಿತ್ತು. ಹಲ್ಲಿಲ್ಲದ ನೀವು ಎಲೆಯಡಿಕೆಯನ್ನು ಆ ಪುಟ್ಟ ಕಬ್ಬಿಣದ ಗುಳಿಯಲ್ಲಿ ಕುಟ್ಟಿಕೊಳ್ಳುತ್ತಿದ್ದಿರಿ. ಮೂರು ಪೆಟ್ಟು, ಆಮೇಲೆ ಅಂಚಿನ ಸುತ್ತ ಒಂದು ತಿರುವು. ದುಗ್ಗಮ್ಮನವರು ಬಿಡುತ್ತಿರಲಿಲ್ಲ.

“ಶುರುವಾಯ್ತು ನೋಡಿ, ಹಲ್ಲಿಲ್ಲದವರ ಮಿಲ್ಲು.”

“ನಿನ್ನ ಹಲ್ಲು ಜಾಗ್ರತೆ ದುಗ್ಗಮ್ಮ,” ಎನ್ನುತ್ತಿದ್ದಿರಿ ನೀವು. “ನಾಳೆ ಕುಟ್ಟಾಣಿ ಕೇಳಿಕೊಂಡು ಬಂದರೆ ಕೊಡುದಿಲ್ಲ ನಾನು.”

ಕೊನೆಯಲ್ಲಿ ನನ್ನ ಸರದಿ. ಮಗನೆಂದೇ ಕರೆಯುತ್ತಿದ್ದಿರಿ. “ಮೋನೆ, ಊಟ ಆಯ್ತಾ?” ಆಯ್ತು ಎಂದಷ್ಟೇ ಹೇಳುತ್ತಿದ್ದೆ. ಆ ಪ್ರಶ್ನೆಗಾಗಿಯೇ ಕೊನೆಯವರೆಗೆ ಕಿವಿಗೆ ಫೋನ್ ಹಿಡಿದಿರುತ್ತಿದ್ದೆನೆಂದು ನಿಮಗೆ ಹೇಳಲಿಲ್ಲ.

ಎರಡನೆಯ ಅಲೆಯಲ್ಲಿ ಹಗಲುಮನೆ ಮತ್ತೆ ಮುಚ್ಚಿತು. ನಿಮ್ಮ ಉಸಿರು ಸರಿಯಿಲ್ಲವೆಂದು ಮೊದಲು ಗುರುತಿಸಿದವರೂ ದುಗ್ಗಮ್ಮನವರೇ. “ಮೈಮೂನ, ನೀನು ಮೂರು ಮಾತಿಗೊಮ್ಮೆ ನಿಲ್ಲಿಸ್ತಾ ಇದ್ದೀ. ಎಂತ ಆಗ್ತದೆ ಹೇಳು.” ಕೌಸಲ್ಯಾ ಆಂಬುಲೆನ್ಸ್ ಕಳುಹಿಸಿದರು. ಆಂಬುಲೆನ್ಸಿನವರು ನಿಮ್ಮನ್ನು ಏರಿಸಿಕೊಳ್ಳುವುದನ್ನು ನಾವೆಲ್ಲರೂ ಕೇಳಿಸಿಕೊಂಡೆವು. ಬಾಗಿಲು ಹಾಕಿದ ಸದ್ದು, ವಾಹನ ಇಳಿಜಾರಿನಲ್ಲಿ ಗೇರು ಬದಲಿಸಿದ ಸದ್ದು. ರಿಸೀವರನ್ನು ಯಾರೂ ಅದರ ಜಾಗದಲ್ಲಿ ಇಡಲಿಲ್ಲ. ಆ ಬಳಿಕ ಖಾಲಿ ಮನೆಯ ಸದ್ದು ಮಾತ್ರ.

ಮರುದಿನ ನಿಮ್ಮ ಲೈನನ್ನು ಬಿಟ್ಟು ಉಳಿದವನ್ನು ಸೇರಿಸಿದೆ. “ಮೈಮೂನಮ್ಮನ ಸೀಟು ಎಲ್ಲಿ?” ಎಂದು ಬೋಜಪ್ಪನವರು ಕೇಳಿದರು. “ಬರುವವರೆಗೆ ಹಿಡಿದಿಡುವ ಮಾರಾಯ.” ನಿಮ್ಮ ಲೈನನ್ನೂ ಸೇರಿಸಿದೆ. ನಿಮ್ಮ ನಲ್ಲಿಯ ಹನಿ, ಅಂಗಳದ ಕೋಳಿ, ಗಾಳಿಗೆ ಬಡಿಯುವ ಕಿಟಕಿ, ಎಲ್ಲವೂ ನಮ್ಮ ನಡುವೆ ಬಂದು ಕುಳಿತವು. ಎಲ್ಲರೂ ಸ್ವಲ್ಪ ಮೆಲ್ಲನೆ ಮಾತನಾಡುತ್ತಿದ್ದರು, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ.

ಮೇ ತಿಂಗಳ ಚಂಡಮಾರುತದ ಗಾಳಿಯಾದ ಮೇಲೆ ಆಸ್ಪತ್ರೆಯಿಂದ ಸುದ್ದಿ ಬಂತು. ನಾಲ್ಕಕ್ಕೆ ಎಲ್ಲರಿಗೂ ನಾನೇ ಒಂದೇ ವಾಕ್ಯದಲ್ಲಿ ಹೇಳಿದೆ.

ಬೋಜಪ್ಪನವರೆಂದರು: “ನಾಳೆಯಿಂದ ನನ್ನನ್ನು ಸೇರಿಸಬೇಡ ಧರ್ಮಪಾಲ. ಇವತ್ತು ಅವರು, ನಾಳೆ ಯಾರು ಅಂತ ಕಿವಿಗೊಟ್ಟು ಕಾಯ್ಲಿಕ್ಕೆ ನನ್ನಿಂದ ಆಗುದಿಲ್ಲ.” ಇನ್ನಿಬ್ಬರು ತಮ್ಮದೂ ಅದೇ ಮಾತು ಎಂದರು. ಈ ನಾಲ್ಕು ಗಂಟೆಯ ಸಾಲು ಮುರಿದರೆ ಜ್ವರ ಬಂದವರು ಮತ್ತೆ ಸೌಖ್ಯ ಉಂಟು ಎನ್ನುತ್ತ ಒಳಗೇ ಮಲಗುತ್ತಾರೆಂಬುದು ಕೌಸಲ್ಯಾರಿಗೂ ನನಗೂ ಸ್ಪಷ್ಟವಿತ್ತು. ತಡೆಯುವ ಮಾತು ಮಾತ್ರ ನಮ್ಮಿಬ್ಬರಲ್ಲೂ ಇರಲಿಲ್ಲ.

ಆಗ ಕುಟ್ಟಾಣಿ ಕೇಳಿಸಿತು. ಮೂರು ಪೆಟ್ಟು.

ಮತ್ತೆ ಮೂರು ಪೆಟ್ಟು.

“ಅವರು ಇಳಿಯಲಿಲ್ಲ ಮಾರಾಯ್ರೆ,” ಎಂದರು ಬೋಜಪ್ಪನವರು. “ಹಾಗಾದರೆ ನಾನು ಇಳಿಯುದು ಹೇಗೆ?”

ಮರುದಿನ ಎಲ್ಲರೂ ಬಂದರು. ಸದ್ದೂ ಬಂತು.

ನಾನು ತಂತಿಗಳೊಂದಿಗೆ ಬದುಕಿದವನು, ಸದ್ದೊಂದಕ್ಕೆ ಮೂಲವಿರಬೇಕು. ನಿಮ್ಮ ಮನೆಯತ್ತ ಹೋದೆ. ಬೀಗ ಹಾಗೆಯೇ ಇತ್ತು. ಗೇಟಿನ ಬಳಿ ಹಲಸಿನ ಕೊಂಬೆಯಡಿಯಲ್ಲಿ ನಿಮ್ಮ ತಂತಿ ಎರಡು ತುಂಡಾಗಿ ಬಿದ್ದಿತ್ತು. ಗಾಳಿಯ ದಿನದಿಂದ ನಿಮ್ಮ ಮನೆಯಿಂದ ಏನೂ ಬಂದಿರಲಿಲ್ಲ. ಆ ಬಳಿಕ ನಾವು ನಿಮ್ಮದೆಂದು ಆಲಿಸಿದ ನಲ್ಲಿ, ಕೋಳಿ, ಕಿಟಕಿ ಎಲ್ಲವೂ ಉಳಿದವರ ಮನೆಗಳವೇ. ಹೆಗಲ ಮೇಲೆ ಹಗ್ಗವಿದ್ದರೂ ತಂತಿ ಜೋಡಿಸದೆ ಹಿಂದಿರುಗಿದೆ.

ಅಂದು ನಾಲ್ಕಕ್ಕೆ ಮಾತು ನಡೆಯುತ್ತಿದ್ದಂತೆಯೇ ಒಂದೊಂದು ಲೈನನ್ನು ಕ್ಷಣಕಾಲ ಬಿಡಿಸಿ ಮತ್ತೆ ಸೇರಿಸುತ್ತ ಬಂದೆ. ದುಗ್ಗಮ್ಮನವರ ಲೈನು ಬಿಡಿಸಿದಾಗ ಸದ್ದು ನಿಂತಿತು. ಸೇರಿಸಿದಾಗ ಮತ್ತೆ ಬಂತು. ಆಮೇಲೆ ಕಿವಿಗೊಟ್ಟಾಗ ವ್ಯತ್ಯಾಸ ತಿಳಿಯಿತು. ಕಬ್ಬಿಣಕ್ಕೆ ಕಬ್ಬಿಣ ತಾಗುವ ಗಟ್ಟಿ ನಾದ. ಪೆಟ್ಟುಗಳ ನಂತರದ ತಿರುವು ಇಲ್ಲ. ಖಾಲಿ ಕುಟ್ಟಾಣಿ. ಜನ್ಮದಲ್ಲಿ ಎಲೆ ಹಾಕದ, ತಮ್ಮ ಹಲ್ಲಿನ ಬಗ್ಗೆ ಅಷ್ಟು ಜಂಬವಿದ್ದ ದುಗ್ಗಮ್ಮನವರು, ಎಲ್ಲಿಂದಲೋ ಹುಡುಕಿ ತೆಗೆದ ಖಾಲಿ ಕುಟ್ಟಾಣಿಯನ್ನು ಕುಟ್ಟುತ್ತಿದ್ದರು.

ಮಾತು ಮುಗಿದ ಮೇಲೆ ಅವರೊಬ್ಬರು ಫೋನ್ ಇಡಲಿಲ್ಲ.

“ಧರ್ಮಪಾಲ, ನಡುವಲ್ಲಿ ನನ್ನ ಲೈನು ಒಮ್ಮೆ ಸತ್ತು ಹೋಯ್ತು. ಎಂತಾದರೂ ದೋಷ ಉಂಟಾ?”

“ಇಲ್ಲ ದುಗ್ಗಮ್ಮ. ದೋಷ ಇಲ್ಲ.”

“ಹಾಗಾದರೆ ಮತ್ತೆ ಮುಟ್ಟಬೇಡ.” ಆಮೇಲೆ ಹೇಳಿದರು: “ಮೈಮೂನ ಕೇಳ್ಲಿಕ್ಕೆ ಹೇಳಿದ್ದಾಳೆ. ಊಟ ಆಯ್ತಾ?”

ಅಂದು ನನಗೆ ಆಯ್ತು ಎನ್ನಲೂ ಆಗಲಿಲ್ಲ.

ರೋಗ ಇಳಿಯಿತು. ಹಗಲುಮನೆ ತೆರೆಯಿತು. ಆದರೆ ಬಸ್ಸಿನವರೆಗೆ ನಡೆಯಲಾರದವರಿಗಾಗಿ ಕೌಸಲ್ಯಾ ನಾಲ್ಕು ಗಂಟೆಯ ಮಾತನ್ನು ಉಳಿಸಿಕೊಂಡರು. ನಾನು ಲೈನು ಸೇರಿಸುತ್ತ ಬಂದೆ, ದುಗ್ಗಮ್ಮನವರು ಕುಟ್ಟುತ್ತ ಬಂದರು. ನಿಮ್ಮನ್ನು ಕೆಣಕುವುದನ್ನೂ ಅವರು ಬಿಡಲಿಲ್ಲ. ತಾವೇ ಕುಟ್ಟಿ, ತಾವೇ “ಶುರುವಾಯ್ತು ಮಿಲ್ಲು” ಎನ್ನುತ್ತಿದ್ದರು. ಉಳಿದವರು ನಗುತ್ತಿದ್ದರು. ಇದು ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ತಿಳಿದಿಲ್ಲವೆಂದು ನಾನು ನಂಬಿದ್ದೆ.

ಈ ಮಳೆಗಾಲದ ಸೋಣ ತಿಂಗಳಲ್ಲಿ ದುಗ್ಗಮ್ಮನವರು ತೀರಿಕೊಂಡರು. ವಯಸ್ಸಾಗಿತ್ತು, ನಿದ್ದೆಯಲ್ಲಿ ಹೋದರು. ಅವರ ಉತ್ತರಕ್ರಿಯೆ ಮುಗಿಯುವವರೆಗೆ ಸಾಲಿಗೆ ಬಿಡುವು ಕೊಟ್ಟಿದ್ದೆವು. ಅವರ ಮನೆಯವರ ಕೋರಿಕೆಯಂತೆ ಅವರ ಲೈನನ್ನು ಕೇಂದ್ರದಲ್ಲಿ ನಾನೇ ಕೈಯಾರೆ ಬಿಡಿಸಿದ್ದೇನೆ. ನಿನ್ನೆ ಉಳಿದವರನ್ನು ಸೇರಿಸಿದೆ. ಬೋಜಪ್ಪನವರು “ರೈಟ್” ಎಂದರು. “ಪೋಯಿ” ಎನ್ನಲಿಲ್ಲ. ಎಲ್ಲರೂ ಕುಟ್ಟಾಣಿಯ ಸದ್ದಿಗಾಗಿಯೇ ಕಾಯುತ್ತಿದ್ದಾರೆಂದು ಸ್ಪಷ್ಟವಾಗಿತ್ತು. ಅದು ಬಾರದು ಎಂಬುದು ನನಗೊಬ್ಬನಿಗೆ ಗೊತ್ತಿತ್ತು.

ಅದು ಬಂತು, ಮೈಮೂನಮ್ಮ. ಮೂರು ಪೆಟ್ಟು. ಗಟ್ಟಿ ನಾದವಲ್ಲ, ಹಸಿ ಎಲೆಯ ಮೇಲೆ ಬಿದ್ದ ಮೆತ್ತನೆಯ ಪೆಟ್ಟು. ಆಮೇಲೆ, ಇಷ್ಟು ವರ್ಷಗಳ ಬಳಿಕ, ಅಂಚಿನ ಸುತ್ತ ಒಂದು ತಿರುವು.

ಬೋಜಪ್ಪನವರಿರಬಹುದು. ಕೌಸಲ್ಯಾ ಇರಬಹುದು. ಕುಟ್ಟುತ್ತಿದ್ದವರು ದುಗ್ಗಮ್ಮನವರೆಂದು ಮೊದಲಿನಿಂದಲೂ ಎಲ್ಲರಿಗೂ ಗೊತ್ತಿದ್ದಿರಬಹುದು. ನಿಮ್ಮ ತಂತಿ ನಿನ್ನೆಯೂ ನೆಲದ ಮೇಲೆಯೇ ಇತ್ತು. ಸಂಜೆ ಹೋಗಿ ನೋಡಿ ಬಂದಿದ್ದೇನೆ. ಹಲಸಿನ ಬುಡದಲ್ಲಿ ಅದರ ಮೇಲೆ ಬಳ್ಳಿ ಹಬ್ಬಿದೆ. ಒಂದೊಂದೇ ಲೈನನ್ನು ಬಿಡಿಸಿ ನೋಡಿದರೆ ಇವತ್ತೇ ಉತ್ತರ ಸಿಗುತ್ತದೆ. ಯಾರದ್ದೋ ಲೈನು ಬಿಡಿಸಿದಾಗ ಸದ್ದು ನಿಲ್ಲುತ್ತದೆ. ಎಲ್ಲರ ಲೈನು ಬಿಡಿಸಿದ ಮೇಲೂ ನಿಲ್ಲದಿದ್ದರೆ ಕೇಂದ್ರದ ಕೋಣೆಯಲ್ಲಿ ಆ ಸದ್ದಿನೊಂದಿಗೆ ನಾನೊಬ್ಬನೇ ಇರುತ್ತೇನೆ.

ಇದನ್ನು ಬರೆಯುತ್ತಿರುವಾಗ ನಾಲ್ಕಕ್ಕೆ ಸ್ವಲ್ಪವೇ ಹೊತ್ತಿದೆ. ನನ್ನ ಊಟ ಆಗಿದೆ. ನೀವು ಕೇಳಿದ್ದೀರೆಂದು ಭಾವಿಸಿ ಹೇಳುತ್ತಿದ್ದೇನೆ. ನೀವಿರುವಲ್ಲಿ ನಿಮಗೂ ದುಗ್ಗಮ್ಮನವರಿಗೂ ಒಂದೇ ಚಾವಡಿ ಸಿಗಲಿ, ಕುಟ್ಟಾಣಿಯ ಜಗಳ ಅಲ್ಲಿಯೂ ಮುಗಿಯದಿರಲಿ.

ಇಂದು ಎಲ್ಲ ಲೈನುಗಳನ್ನೂ ಸೇರಿಸುತ್ತೇನೆ, ನಿಮ್ಮದನ್ನೂ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಪರೀಕ್ಷಿಸುವುದಿಲ್ಲವೆಂದು ನಿರ್ಧರಿಸಿದ್ದೇನೆ.

ಇತಿ,
ಧರ್ಮಪಾಲ