ಬೋರ್ಡಿನ ಮೇಲಿನ ತಪ್ಪು

ಬೆಲ್ಜಿಯಂನಲ್ಲಿ ಓದುತ್ತಿರುವ ಮಾಲಿನಿಗೆ ನಿನ್ನ ಸೋದರಮಾವನ ಆಶೀರ್ವಾದ.

ಅಲ್ಲಿ ಬೀದಿಬೀದಿಗೂ ಎರಡು ಭಾಷೆಯ ಬೋರ್ಡಿದೆ ಅಂತ ಹೊಗಳಿ, ನಮ್ಮೂರ ರಾಜಕೀಯ ಮಾತ್ರ ಬೇಡ ಮಾವ, ತಪ್ಪಾಯ್ತು ಅಂತ ಬರೆದುಕೊಡು ಅನ್ನುತ್ತೀಯಲ್ಲ.

ತಮಿಳುನಾಡಿಗೆ ಸೇರಿದ ಈ ಗಡಿಯೂರಿನ ಬಸ್‌ಸ್ಟಾಪಿನ ಬೋರ್ಡಲ್ಲಿ ಕನ್ನಡದಲ್ಲಿದ್ದ ಊರ ಹೆಸರಿನ ಮೇಲೆ ಯಾರೋ ಬಣ್ಣ ಬಳಿದಿದ್ದರು, ನಾನು ಮತ್ತೆ ಬರೆದೆ. ತಮಿಳಿನ ಒಂದಕ್ಷರ ಮುಟ್ಟಿಲ್ಲ. ಏಣಿ ಹಿಡಿದವರೇ ತಮಿಳು ಮೇಷ್ಟ್ರು. ಬರೆದವರು ಯಾರು ಅಂತ ಆಫೀಸರು ಬಂದು ಕೇಳಿದಾಗ ಊರಲ್ಲಿ ಯಾರೂ ನನ್ನ ಹೆಸರು ಹೇಳಲಿಲ್ಲ. ‘ಗುಮ್ಮಲಾಪುರ’ ನೋಡಿ ನಿಮ್ಮತ್ತೆಯೇ, “ಊರೆಸ್ರಲ್ಲಿ ಳ ಬದ್ಲು ಲ ಬರಿಯೋದು ನಮ್ಮನೆಯವ್ರೊಬ್ರೇ ಸಾರ್” ಅಂದುಬಿಟ್ಟಳು. ಐದನೇ ಕ್ಲಾಸಿಗೇ ಓದು ಬಿಟ್ಟು ಇಷ್ಟು ಹೆಸರು ಮಾಡಿದವನು ತಾಲ್ಲೂಕಲ್ಲೇ ಇಲ್ಲ.

ಬರುವ ತಿಂಗಳು ವಿಚಾರಣೆ. ಅಲ್ಲಿನ ಬೋರ್ಡಿನದೊಂದು ಫೋಟೋ ಕಳಿಸು, ಆಫೀಸರಿಗೆ ತೋರಿಸಬೇಕು. ಲ ಬರೆದದ್ದು ತಪ್ಪಾಯ್ತು ಅಂತ ಬರೆದುಕೊಡುತ್ತೇನೆ. ಕನ್ನಡ ಬರೆದದ್ದು ತಪ್ಪಾಯ್ತು ಅಂತ ಬರೆಯೋಲ್ಲ.

ಇಂತಿ ನಿನ್ನ ಮಾವ,
ಮುನಿಯಲ್ಲಪ್ಪ
ಗುಮ್ಮಳಾಪುರ