ತೌಸಿಫನನ್ನು ಹೊರಗೆ ಕರೆದದ್ದು

ಇಂಡಿ
13 ಡಿಸೆಂಬರ್ 2025

ಗೆಳೆಯ ಬಂದಗಿಸಾಬನಿಗೆ ಮಡಿವಾಳಪ್ಪನ ನಮಸ್ಕಾರ.

ಮನಗೂಳಿಯ ತಮ್ಮನ ಮನೆಯಲ್ಲಿ ಆರಾಮ ಇರುವೆಯೆಂದು ತಿಳಿದಿದ್ದೇನೆ. ಫೋನ್ ಎತ್ತುತ್ತಿಲ್ಲ ನೀನು. ಎತ್ತಬೇಡ. ನಿನ್ನ ದನಿ ಕೇಳಿದರೆ ಇದೆಲ್ಲ ನನ್ನ ಬಾಯಿಗೆ ಬರುವುದಿಲ್ಲ.

ಕಳೆದ ಭಾನುವಾರದ ಫುಟ್‌ಬಾಲ್ ಪಂದ್ಯದಲ್ಲಿ ಸಿಂದಗಿಯವರ ಮೇಲೆ ನಾವು ಒಂದು ಗೋಲು ಮುಂದಿದ್ದೆವು. ಇನ್ನು ಇಪ್ಪತ್ತು ನಿಮಿಷ ಇರುವಾಗ ನೀನು ತೌಸಿಫನನ್ನು ಹೊರಗೆ ಕರೆದೆ, ಗೋಲು ಹೊಡೆದವನನ್ನೇ. ಆಮೇಲೆ ಎರಡು ಗೋಲು ಬಿಟ್ಟುಕೊಟ್ಟು ಸೋತೆವು. ಮ್ಯಾನೇಜರನಿಗೆ ತಲೆ ಇಲ್ಲವೆಂದು ಮಂದಿ ಕೂಗಿದ್ದು ನಿನಗೂ ಕೇಳಿಸಿರಬೇಕು.

ಮರುದಿನ ನನ್ನ ಹೊಲಿಗೆ ಅಂಗಡಿ ತುಂಬಿತ್ತು. ಜನ್ಮದಲ್ಲಿ ಚೆಂಡಿಗೆ ಕಾಲು ಹಚ್ಚದವರೂ ಯಾರನ್ನು ಎಲ್ಲಿ ನಿಲ್ಲಿಸಬೇಕಿತ್ತೆಂದು ಹೇಳುವವರೇ. ಎಲೆ ಅಡಿಕೆ ಉಗುಳುತ್ತ ನಿನ್ನ ಹೆಸರಿಗೂ ಉಗುಳಿದರು. ಈಗ ನೆನೆದರೆ ಹೇಸಿಗೆಯಾಗುತ್ತದೆ. ಅವರ ಮೇಲೆ ಮಾತ್ರವಲ್ಲ. "ಸಿಂದಗ್ಯಾಗ ಮಗಳನ್ನ ಕೊಟ್ಟಾನಲ್ಲ, ಬೀಗರ ಊರು ಗೆಲ್ಲಲಿ ಅಂತ ಮಾಡ್ಯಾನ" ಎಂದು ಮೊದಲು ಹೇಳಿದವನು ನಾನು. ನಗೆಗೆ ಅಂದೆ. ಸಂಜೆಯೊಳಗೆ ಅದು ಊರಿನ ಸತ್ಯವಾಯಿತು. ನಿನ್ನ ಬಾಗಿಲಿಗೆ ಸಗಣಿ ಬಡಿದರು. ನೀನು ಯಾರಿಗೂ ಎದುರು ಮಾತಾಡದೆ ಕ್ಲಬ್ಬಿನ ಕೀಲಿ ಕೊಟ್ಟು ಹೋದೆ.

ಬುಧವಾರ ತೌಸಿಫನ ತಾಯಿ ಖಾತುನಬಿ ಮಗನ ನಿಕಾಹದ ಅಂಗಿ ಹೊಲಿಸಲು ಬಟ್ಟೆ ತಂದಿದ್ದಳು. ಆಗಲೂ ನಿನ್ನದೇ ಮಾತು ನಡೆದಿತ್ತು. ಎಲ್ಲರೂ ಹೋಗುವವರೆಗೆ ನಿಂತೇ ಇದ್ದು ಆಮೇಲೆ ಹೇಳಿದಳು.

"ಆಟದಾಗ ನಮ್ಮ ಹುಡುಗನ ತೆಲಿಗೆ ಇನ್ನೊಬ್ಬನ ತೆಲಿ ಬಡದಿತ್ತು ಅಣ್ಣಾ. 'ಕಾಕಾ, ನಮ್ಮ ಗೋಲ್ ಯಾವ ಕಡಿ ಐತಿ' ಅಂತ ಬಂದಗಿ ಭಾಯಿನ್ನ ಕೇಳ್ಯಾನ. ಅದಕ್ಕ ಹೊರಗ ತಗದಾರ. ಎರಡ ತಿಂಗಳ ಚಂಡ ಮುಟ್ಟಬ್ಯಾಡ ಅಂದಾರ ಡಾಕ್ಟರು. ಹುಡುಗಿ ಮನ್ಯಾಗ ಗೊತ್ತಾದ್ರ ನಿಕಾಹ ಮುರಿತೈತಿ, ಯಾರಿಗೂ ಹೇಳಬ್ಯಾಡ್ರಿ ಅಂತ ನಾನ ಅವರ ಕಾಲ ಹಿಡದಿದ್ದೆ."

ಅವಳು ಬಟ್ಟೆ ಮಡಚಿ ಬಗಲಲ್ಲಿಟ್ಟುಕೊಂಡಳು. "ನಿಮ್ಮ ಅಂಗಡ್ಯಾಗಿನ ಮಾತೆಲ್ಲಾ ಕೇಳೇನಿ. ಅಂಗಿ ಬ್ಯಾರೆ ಕಡಿ ಹೊಲಸ್ತೇನಿ" ಎಂದು ಹೋದಳು.

ನಿನ್ನೆ ಕ್ಲಬ್ಬಿನ ಸಭೆ ಇತ್ತು. ಮತ್ತೆ ಅವೇ ಬಾಯಿಗಳು, ಅದೇ ಬೀಗರ ಕಥೆ, ನಾನು ಹುಟ್ಟಿಸಿದ್ದು. ಹುಡುಗನ ಗುಟ್ಟು ಹೇಳದೆಯೂ ಬೀಗರ ಮಾತು ಸುಳ್ಳೆಂದು ಹೇಳಬಹುದಿತ್ತು. ಎರಡು ಸಲ ಎದ್ದು ನಿಂತೆ. ಎರಡು ಸಲವೂ ನೀರು ಕುಡಿದು ಕೂತೆ. ಮಂದಿಯನ್ನು ಎಷ್ಟು ಬೈದರೇನು, ಆ ಕೋಣೆಯಲ್ಲಿ ಎಲ್ಲರಿಗಿಂತ ಹೊಲಸು ನಾನೇ ಇದ್ದೆ.

ಕ್ಷಮಿಸೆಂದು ಕೇಳುವುದಿಲ್ಲ. ನಿನ್ನ ಹೆಸರಿಗೆ ಮಸಿ ಹಚ್ಚಿದ ಕೈ ಯಾರದೆಂದು ನಿನಗೆ ಗೊತ್ತಿರಲಿ.

ದೋಸ್ತನೆಂದು ಬರೆಯಲು ಕೈ ಬಾರದ,
ಮಡಿವಾಳಪ್ಪ

ತಾ.ಕ.: ನಿನ್ನ ಜಾಗಕ್ಕೆ ಆ ಸಭೆ ನನ್ನನ್ನು ಆರಿಸಿತು. ಒಪ್ಪಿಕೊಂಡೆ. ಇಪ್ಪತ್ತೊಂದಕ್ಕೆ ಮುದ್ದೇಬಿಹಾಳದ ಮೇಲೆ ಪಂದ್ಯ. ಎಲ್ಲರೂ ಕೇಳಿದ್ದು ಒಂದೇ, "ತೌಸಿಫನ್ನ ಆಡಸ್ತೀರಿಲ್ಲೋ?" ನಾನು ಹೂಂ ಅಂದೆ.